ಥರ್ಮೋಕೋಲಿನ ಉಂಡಿ

ಈ ಸಲ ಪಂಚಮಿಗೆ ನಾನು ತಂಗಿಯ ಮನೆಗೆ ಹೋಗಲಿಲ್ಲ.

‘ಹೋಗಲಾಗಲಿಲ್ಲ’ ಅಂತ ಬರೆದಿದ್ದೆ ಮೊದಲು. ಆಮೇಲೆ ಹೊಡೆದು ಹಾಕಿದೆ. ಸನತ್‌ನಗರದಿಂದ ಮಲ್ಕಾಜ್‌ಗಿರಿಗೆ ಹೋಗಲು ಪಾಸ್‌ಪೋರ್ಟ್ ಬೇಕಿಲ್ಲ. ಸ್ಕೂಟರ್ ಇದೆ, ಅದರಲ್ಲಿ ಪೆಟ್ರೋಲ್ ಇತ್ತು, ನನಗೆ ಜ್ವರ ಇರಲಿಲ್ಲ, ಊರಲ್ಲಿ ಕರ್ಫ್ಯೂ ಇರಲಿಲ್ಲ. ಹೋಗಲಿಲ್ಲ, ಅಷ್ಟೇ.

ನಮ್ಮ ಕಡೆಯವರಿಗೆ ಇದು ಎಂಥ ತಪ್ಪು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಕಡೆಯವರಿಗಾಗಿ ಹೇಳುತ್ತೇನೆ. ಕಲಬುರ್ಗಿ ಸೀಮೆಯಲ್ಲಿ ನಾಗರ ಪಂಚಮಿ ಅಂದರೆ ನಾಗಪ್ಪನಿಗಿಂತ ಹೆಚ್ಚಾಗಿ ಹೆಣ್ಣುಮಕ್ಕಳ ಹಬ್ಬ. ಅಣ್ಣನಾದವನು ಹೋಗಿ ತಂಗಿಯನ್ನು ತವರಿಗೆ ಕರೆತರಬೇಕು, ಉಂಡಿ ತಿನ್ನಿಸಬೇಕು, ಜೋಕಾಲಿ ಕಟ್ಟಬೇಕು. ಹೈದರಾಬಾದಿನಲ್ಲಿ ಜೋಕಾಲಿ ಕಟ್ಟಲು ಮರವೆಲ್ಲಿದೆ? ಮರ ಇದ್ದಲ್ಲಿ ಫ್ಲೈಓವರ್ ಬಂದಿದೆ. ಹಾಗಾಗಿ ನಮ್ಮ ಮನೆಯಲ್ಲಿ ಹಬ್ಬ ಕುಗ್ಗುತ್ತಾ ಕುಗ್ಗುತ್ತಾ ಒಂದು ಡಬ್ಬಿಗೆ ಬಂದು ನಿಂತಿದೆ. ಅಪ್ಪ ಇರುವ ತನಕ ಅಪ್ಪ, ಅವನು ಹೋದ ಮೇಲೆ ನಾನು, ಹಬ್ಬದ ಹಿಂದಿನ ದಿನ ಉಂಡಿಯ ಡಬ್ಬಿ ಹಿಡಿದು ಗಿರಿಜಾಳ ಮನೆಗೆ ಹೋಗುವುದು. ಅಲ್ಲಿ ಊಟ ಮಾಡಿ, ಅವಳ ಅತ್ತೆಯ ಮೊಣಕಾಲು ನೋವಿನ ಸಮಾಚಾರ ಪೂರ್ತಿ ಕೇಳಿ ಬರುವುದು. ಈಗ ಅವ್ವನೂ ಇಲ್ಲ. ಗಿರಿಜಾಗೆ ತವರು ಅಂತ ಉಳಿದಿರುವುದು ನಾನು ಮತ್ತು ಆ ಡಬ್ಬಿ.

ಡಬ್ಬಿ ಹೋಯಿತು. ನಾನು ಹೋಗಲಿಲ್ಲ. (ಡಬ್ಬಿಯಾದರೂ ಸರಿಯಾದದ್ದು ಹೋಯಿತೇ? ತಾಳಿ, ಅಲ್ಲಿಗೇ ಬರುತ್ತಿದ್ದೇನೆ.)

ನನ್ನ ಕಸುಬು ಈ ಅಂಕಣ ಓದುವವರಿಗೆ ಗೊತ್ತು. ರಟ್ಟಿನ ಡಬ್ಬಿ ಮಾಡುವುದು. ಏಳನೇ ಕ್ಲಾಸು ಮುಗಿಸಿದ ಮೇಲೆ ನಾನು ಶಾಲೆಯ ಮೆಟ್ಟಿಲು ಹತ್ತಿದ್ದು ವೋಟು ಹಾಕಲು ಮಾತ್ರ. ಅಪ್ಪ ಮೈದಾ ಹಿಟ್ಟಿನ ಅಂಟು ಕುದಿಸಿ, ಹಳೇ ಶಹರದ ಮಿಠಾಯಿ ಅಂಗಡಿಗಳಿಗೆ ಡಬ್ಬಿ ಮಾಡಿ ಕೊಡುತ್ತಿದ್ದ. ಬೂದು ರಟ್ಟು, ಮೇಲೆ ಗುಲಾಬಿ ಕಾಗದ, ಸುತ್ತ ದಾರ. ಒಳಗಿನ ಮಿಠಾಯಿ ಮುರಿಯದೆ ಮನೆ ಮುಟ್ಟಿದರೆ ಡಬ್ಬಿಯ ಕೆಲಸ ಮುಗಿಯಿತು. ಆಮೇಲೆ ಅದರಲ್ಲಿ ಗುಂಡಿ, ಸೂಜಿ ಇಟ್ಟುಕೊಳ್ಳುತ್ತಿದ್ದರು.

ಮಾದಾಪುರದ ಕಡೆ ಗಾಜಿನ ಕಟ್ಟಡಗಳು ಎದ್ದ ಮೇಲೆ ಡಬ್ಬಿಯ ನಸೀಬು ಖುಲಾಯಿಸಿತು. ಮ್ಯಾಗ್ನೆಟ್ ಮುಚ್ಚಳ, ಸ್ಯಾಟಿನ್ ರಿಬ್ಬನ್, ಒಳಗೆ ಖಾನೆ ಖಾನೆ, ಖಾನೆಗೊಂದು ಲಾಡು, ಲಾಡಿನ ಸುತ್ತ ಕತ್ತರಿಸಿದ ಕಾಗದದ ಹುಲ್ಲು. ಹುಲ್ಲು ತಿನ್ನುವಂತಿದ್ದರೆ ಹೊಟ್ಟೆ ತುಂಬುತ್ತಿತ್ತು. ಡಬ್ಬಿ ದೊಡ್ಡದಾದಷ್ಟೂ ಒಳಗಿನ ಮಿಠಾಯಿ ಸಣ್ಣದಾಗುತ್ತದೆ, ಇದು ನನ್ನ ಕಸುಬು ನನಗೆ ಕಲಿಸಿದ ಗಣಿತ. ದೂರು ಹೇಳುತ್ತಿಲ್ಲ. ನನ್ನ ಮನೆಯ ಒಲೆ ಉರಿಯುವುದೇ ಈ ಗಣಿತದಿಂದ.

ಕಂಪನಿಯವರ ದೀಪಾವಳಿ ಶ್ರಾವಣದಲ್ಲೇ ಶುರುವಾಗುತ್ತದೆ. ಸ್ಯಾಂಪಲ್ ಕೇಳುತ್ತಾರೆ. ಸ್ಯಾಂಪಲ್ ಡಬ್ಬಿಯಲ್ಲಿ ನಿಜವಾದ ಮಿಠಾಯಿ ಇಡುವಂತಿಲ್ಲ; ಮೀಟಿಂಗ್ ಮುಂದಕ್ಕೆ ಹೋದರೆ ಇರುವೆಗಳು ಬಂದು ಡಿಸಿಷನ್ ತೆಗೆದುಕೊಂಡು ಹೋಗುತ್ತವೆ. ಅದಕ್ಕೆ ನಾನು ಥರ್ಮೋಕೋಲಿನ ಉಂಡೆ ಮಾಡಿಸುತ್ತೇನೆ. ನಮ್ಮ ಗಲ್ಲಿಯ ಬೋರ್ಡ್ ಬರೆಯುವ ಪೇಂಟರ್ ಅದಕ್ಕೆ ಬಣ್ಣ ಹಚ್ಚಿ, ವಾರ್ನಿಷ್ ಹೊಡೆದು ಕೊಡುತ್ತಾನೆ. ಲಾಡು ನೋಡಿದರೆ ತುಪ್ಪ ಈಗ ಸೋರುತ್ತದೆ, ಆಗ ಸೋರುತ್ತದೆ ಅನ್ನಿಸಬೇಕು. ಅನ್ನಿಸುತ್ತದೆ. ಅದೇ ತೊಂದರೆ ಆಗಿದ್ದು.

ಗಿರಿಜಾಳ ಡಬ್ಬಿಗೆ ಅಪ್ಪ ಒಂದು ಕ್ರಮ ಹಾಕಿಟ್ಟಿದ್ದ. ಮೊದಲು ಸುಲ್ತಾನ್ ಬಜಾರದ ಹಿಂದಿನ ಗಲ್ಲಿಯಲ್ಲಿ ನೀಲಮ್ಮಕಾಕುವಿನ ಅಂಗಡಿ. ವರ್ಷವೆಲ್ಲ ಹಪ್ಪಳ, ಶೇಂಗಾ ಹಿಂಡಿ (ಚಟ್ನಿಪುಡಿ) ಮಾರುವ ಕಾಕು ಶ್ರಾವಣದಲ್ಲಿ ಮಾತ್ರ ಉಂಡಿ ಕಟ್ಟುತ್ತಾಳೆ. ಶೇಂಗಾ ಉಂಡಿ, ಎಳ್ಳುಂಡಿ, ಕಡಲೆಹಿಟ್ಟಿನ ಡಾಣಿ ಉಂಡಿ. (ನಮ್ಮ ಮನೆಯಲ್ಲೇ ಯಾಕೆ ಕಟ್ಟುವುದಿಲ್ಲ ಅಂತ ಕೇಳಬೇಡಿ. ನನ್ನ ಹೆಂಡತಿ ಕಟ್ಟಿದ ಉಂಡಿ ಉರುಳುವುದಿಲ್ಲ, ಕೂತಲ್ಲೇ ಕೂರುತ್ತದೆ. ಅವಳು ಈ ಅಂಕಣ ಓದುವುದಿಲ್ಲ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.) ಆಮೇಲೆ ಮೂಸಿ ದಾಟಿ ಪತ್ಥರ್‌ಗಟ್ಟಿಯ ಕಡೆ, ಸಾಹೇಬರ ಅಂಗಡಿ. ಅವರು ಮಾಡುವುದು ಒಂದೇ ಮಾಲು, ಬಾದಾಮ್ ಕಿ ಜಾಲಿ. ಬಾದಾಮಿಯನ್ನು ಸಕ್ಕರೆಯ ಜೊತೆ ಅರೆದು, ಲಟ್ಟಿಸಿ, ಮಸೀದಿಯ ಕಿಟಕಿಯಂತೆ ತೂತು ತೂತಾಗಿ ಕತ್ತರಿಸಿ, ಬೆಳ್ಳಿಯ ವರಖು ಅಂಟಿಸುತ್ತಾರೆ. ನಾಗಪ್ಪನ ಹಬ್ಬಕ್ಕೆ ಸಾಹೇಬರ ಬಾದಾಮಿ ಯಾಕೆ? ಗಿರಿಜಾ ಸಣ್ಣವಳಿದ್ದಾಗ ಒಮ್ಮೆ ಹಟ ಮಾಡಿದ್ದಳು, ಅಪ್ಪ ಕೊಡಿಸಿದ್ದ. ನಮ್ಮಂಥವರ ಮನೆಯಲ್ಲಿ ಸಂಪ್ರದಾಯ ಹುಟ್ಟುವುದೇ ಹೀಗೆ.

ಈ ವರ್ಷ ನಾನು ಯಾವ ಅಂಗಡಿಗೂ ಹೋಗಲಿಲ್ಲ. ಫೋನ್ ಮಾಡಿದೆ. ನಮ್ಮ ಮಾಲು ಸಾಗಿಸುವ ಆಟೋದ ಯಾದಗಿರಿ ಎಲ್ಲ ತಂದ. ಉಂಡಿ, ಜಾಲಿ ಎಲ್ಲವನ್ನೂ ಮಾದಾಪುರದ ಕಂಪನಿಗೆ ಮಾಡಿದಂಥದ್ದೇ ಹೊಸ ಮಾದರಿ ಡಬ್ಬಿಯಲ್ಲಿ ಜೋಡಿಸಿದೆ. ತಂಗಿಗೂ ಕಂಪನಿ ಡಬ್ಬಿ, ಅಣ್ಣ ಅಂದರೆ ಏನು ಸಾಮಾನ್ಯವೇ? ಅಂತ ನನಗೆ ನಾನೇ ಶಹಬ್ಬಾಸ್ ಹೇಳಿಕೊಂಡೆ.

ಹಬ್ಬದ ಹಿಂದಿನ ದಿನ ಟೇಬಲ್ ಮೇಲೆ ಎರಡು ಡಬ್ಬಿ. ಒಂದರಲ್ಲಿ ಉಂಡಿ, ಒಂದರಲ್ಲಿ ಥರ್ಮೋಕೋಲು. ಹೊರಗಿನಿಂದ ಎರಡೂ ಒಂದೇ. ನಾನು ಫೋನಿನಲ್ಲಿದ್ದೆ, ಕಂಪನಿಯ ಮೇಡಂ ರಿಬ್ಬನ್ನಿನ ಬಣ್ಣದ ಬಗ್ಗೆ ಹೇಳುತ್ತಿದ್ದರು. ಯಾದಗಿರಿ ಬಂದು ನಿಂತ. ಅದು ಮಲ್ಕಾಜ್‌ಗಿರಿಗೆ, ಇದು ಮಾದಾಪುರಕ್ಕೆ ಅಂತ ಗದ್ದ ಎತ್ತಿ ತೋರಿಸಿದೆ. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ರಿಬ್ಬನ್ನು. ಗದ್ದಕ್ಕೆ ಬೆರಳಿನಷ್ಟು ಬುದ್ಧಿ ಎಲ್ಲಿಂದ ಬರಬೇಕು?

ಸಂಜೆ ಗಿರಿಜಾಗೆ ಫೋನ್ ಮಾಡಿದೆ.

‘ಡಬ್ಬಿ ಮುಟ್ಟೇತೇನವಾ?’

‘ಮುಟ್ಟೇತಿ ಅಣ್ಣಾ.’

‘ಹೆಂಗದಾವ?’

ಆ ಕಡೆ ಬಟ್ಟೆ ಕೊಡವಿದ ಸದ್ದು ಬಂತು.

‘ಭಾಳ ಚಂದ ಅದಾವ,’ ಅಂದಳು. ಆಮೇಲೆ, ‘ನೀ ಬರಲಿಲ್ಲಲ್ಲಾ.’

‘ಕೆಲಸ ನೋಡವಾ. ಕಂಪನಿ ಆರ್ಡರ್ ಬಂದೈತಿ. ಉಸಿರು ಬಿಡಾಕ ಪುರಸೊತ್ತಿಲ್ಲ.’

‘ಹೂಂ. ಇರಲಿ ಬಿಡು.’

ನನಗೆ ಹಗುರಾಯಿತು. ಇರಲಿ ಬಿಡು ಅಂದಳಲ್ಲ, ಸಿಟ್ಟಿಲ್ಲ ಅಂದುಕೊಂಡೆ. ಹೆಣ್ಣುಮಕ್ಕಳು ಇರಲಿ ಬಿಡು ಅಂದಾಗ ಏನೂ ಬಿಟ್ಟಿರುವುದಿಲ್ಲ ಅಂತ ಮದುವೆಯಾದ ಗಂಡಸಿಗೆ ಗೊತ್ತಿರಬೇಕಾಗಿತ್ತು.

ಮುಂದಿನ ವಾರ ಕಂಪನಿಯ ಮೇಡಂ ಫೋನು. (ಅವರು ಮಾತಾಡಿದ್ದು ಹಿಂದಿ, ಇಂಗ್ಲಿಷು ಕಲಸಿ. ನಾನು ಕನ್ನಡ ಮಾಡಿ ಬಡಿಸುತ್ತಿದ್ದೇನೆ.)

‘ಅಂಕಲ್, ಸಾರಿ, ಸಾರಿ, ಲೇಟಾಗಿ ಫೋನ್ ಮಾಡ್ತಿದ್ದೀನಿ. ಸ್ಯಾಂಪಲ್ ಅಂದ್ರೆ ಹೀಗಿರಬೇಕು ಅಂಕಲ್. ನಮ್ಮ ಫ್ಲೋರಿನವರೆಲ್ಲ ಸೇರಿ ಅವತ್ತೇ ಖಾಲಿ ಮಾಡಿದ್ರು.’

ಖಾಲಿ ಮಾಡಿದರೇ? ಥರ್ಮೋಕೋಲನ್ನೇ? ಐಟಿಯವರು ಊಟ ತಿಂಡಿ ಬಿಟ್ಟು ದುಡಿಯುತ್ತಾರೆ ಅಂತ ಕೇಳಿದ್ದೆ. ಹಸಿವು ಇಷ್ಟರ ಮಟ್ಟಿಗೆ ಹೋಗಿದೆ ಅಂತ ಗೊತ್ತಿರಲಿಲ್ಲ.

‘ಏನು ಖಾಲಿ ಮಾಡಿದರು ಮೇಡಂ?’

‘ಅದೇ ಅಂಕಲ್, ಆ ಬ್ರೌನ್ ಬಾಲ್ಸ್. ಬೆಲ್ಲ ಹಾಕಿದ್ದು. ಅದಕ್ಕೆ ಏನಂತಾರೆ?’

‘ಶೇಂಗಾ ಉಂಡಿ,’ ಅಂದೆ. ಅಂದ ಮೇಲೆ ಟೇಬಲ್ ಮೇಲಿದ್ದ ಎರಡು ಡಬ್ಬಿ ಕಣ್ಣ ಮುಂದೆ ಬಂದವು.

ಅವರು ನಿಲ್ಲಿಸಲಿಲ್ಲ. ಅವತ್ತು ಸ್ಪೇನಿನಿಂದ ಅವರ ಕ್ಲೈಂಟ್ ಒಬ್ಬರು ಬಂದಿದ್ದರಂತೆ. ಬಾದಾಮಿಯ ಜಾಲಿ ಬಾಯಿಗೆ ಹಾಕಿಕೊಂಡು ಸುಮ್ಮನಾಗಿಬಿಟ್ಟರಂತೆ. ಅವರ ಊರೂ ನಮ್ಮ ಹಳೇ ಶಹರದ ಹಾಗೆ ಕೋಟೆಯ ಊರಂತೆ. ಸಂದಿ ಗೊಂದಿಯಲ್ಲಿ ಬಾದಾಮಿ ಮಿಠಾಯಿಯ ಅಂಗಡಿಗಳಂತೆ, ಅಜ್ಜ ಮುತ್ತಜ್ಜರ ಕಾಲದವು. ಪ್ರತಿ ಕ್ರಿಸ್‌ಮಸ್ಸಿಗೆ ಅವರ ಅಕ್ಕ ಆ ಅಂಗಡಿಗೆ ಹೋಗಿ ತಂದು ಕೊಡುತ್ತಾರಂತೆ.

‘ಅಲ್ಲೇ ಕೂತು ಅವರ ಅಕ್ಕನಿಗೆ ಫೋನ್ ಮಾಡಿದ್ರು ಅಂಕಲ್. ಸೋ ಸ್ವೀಟ್ ಅಲ್ವಾ?’

ಸ್ವೀಟೇ. ನನ್ನ ತಂಗಿಯ ತವರಿನ ಬಾದಾಮಿ ತಿಂದು ಸ್ಪೇನಿನ ಒಬ್ಬ ಮನುಷ್ಯ ತನ್ನ ಅಕ್ಕನನ್ನು ನೆನೆದ. ಹಾಗಾದರೆ ನನ್ನ ತಂಗಿ ತಿಂದದ್ದು ಏನು?

ಫೋನ್ ಇಟ್ಟು ಯಾದಗಿರಿಯನ್ನು ಕರೆದು ಬೈದೆ. ಅವನು ಬೀಡಿ ಆರಿಸಿ, ಶಾಂತವಾಗಿ, ‘ಮೀರೇ ಕದಾ ಸೇಟೂ,’ ಅಂತ ತನ್ನ ಗದ್ದ ಎತ್ತಿ, ನಾನು ತೋರಿಸಿದ್ದ ಹಾಗೇ ತೋರಿಸಿದ. ನೀವೇ ತಾನೇ ತೋರಿಸಿದ್ದು ಅಂತ. ಅವನ ಗದ್ದ ನಿಜಕ್ಕೂ ಯಾವ ಕಡೆ ತಿರುಗಿತ್ತೋ ನನಗೆ ತಿಳಿಯಲಿಲ್ಲ.

ಭಾಳ ಚಂದ ಅದಾವ. ರುಚಿಯ ಮಾತು ಅವಳು ಎತ್ತಲಿಲ್ಲ. ನಾನು ಕೇಳಲೂ ಇಲ್ಲ.

ಮರುದಿನ ಅಂಗಡಿಗೆ ಬೀಗ ಹಾಕಿ ಹೊರಟೆ. ಅಪ್ಪನ ಕ್ರಮದಲ್ಲೇ, ಮೊದಲು ಸುಲ್ತಾನ್ ಬಜಾರ್.

‘ಪಂಚಮಿ ಮುಗದ ಮ್ಯಾಲ ಉಂಡಿ ಕೇಳಾಕ ಬಂದಿಯಲ್ಲೋ,’ ಅಂದಳು ನೀಲಮ್ಮಕಾಕು. ‘ನಾಗಪ್ಪ ಹಾಲು ಕುಡದು ಹುತ್ತಿನಾಗ ಹೋಗಿ ಮಲಗ್ಯಾನ. ಎಬ್ಬಸಲೇನು?’

‘ಒಂದ್ ಡಬ್ಬಿಗೆ ಆಗೂವಷ್ಟು ಕಟ್ಟಿಕೊಡು ಕಾಕು.’

‘ಹೋದ ವಾರ ಒಯ್ದದ್ದು ಏನಾತು?’

‘ಕಂಪನಿಯವರು ತಿಂದ್ರು.’

ಕಾಕು ನನ್ನನ್ನು ಒಮ್ಮೆ ನೋಡಿದಳು. ಒಳಗೆ ಹೋಗಿ ಬೆಲ್ಲದ ಪಾಕಕ್ಕೆ ಇಟ್ಟಳು. ಶೇಂಗಾ ಸುರಿದು ಕಲಸಿ ನನ್ನ ಮುಂದೆ ತಂದು ಕುಕ್ಕಿದಳು.

‘ಕಟ್ಟು.’

‘ನಾನಾ?’

‘ತಂಗಿ ಯಾರಾಕಿ? ನನ್ನಾಕಿ ಏನು? ಕೈ ನೀರಾಗ ಅದ್ದಿಕೊ. ಬಿಸಿ ಇದ್ದಾಗ ಕಟ್ಟಬೇಕು, ಆರಿದರ ಕಲ್ಲಾಗತೈತಿ.’

ಕಟ್ಟಿದೆ. ಸುಡುವ ಬೆಲ್ಲ ಅಂಗೈಗೆ ಹತ್ತಿದಾಗ ಯಾವ ಮನುಷ್ಯನೂ ಎರಡು ಕೆಲಸ ಒಟ್ಟಿಗೆ ಮಾಡಲಾರ. ಫೋನ್ ಎರಡು ಸಲ ಬಡಿದುಕೊಂಡಿತು, ಎತ್ತಲಿಲ್ಲ. ನನ್ನ ಉಂಡಿಗಳು ಗುಂಡಗಾಗಲಿಲ್ಲ. ಕೆಲವಕ್ಕೆ ಮೂಲೆ ಬಂದವು (ಡಬ್ಬಿ ಮಾಡುವವನ ಕೈ). ಕಾಕು ನಕ್ಕಳು, ಆದರೆ ಸರಿ ಮಾಡಿ ಕೊಡಲಿಲ್ಲ. ಎಳ್ಳುಂಡಿ, ಡಾಣಿ ಉಂಡಿ ಅವಳೇ ಕಟ್ಟಿದಳು.

ಪತ್ಥರ್‌ಗಟ್ಟಿಯಲ್ಲಿ ಸಾಹೇಬರು ಕನ್ನಡಕದ ಮೇಲಿನಿಂದ ನೋಡಿ, ‘ಕ್ಯಾ ಮಿಯಾ, ಅಬ್ ಆಯೇ?’ ಅಂದರು. ಈಗ ಬಂದೆಯಾ ಅಂತ. ಗಿರಿಜಾ ಬಿಟಿಯಾ ಹೇಗಿದ್ದಾಳೆ ಅಂತ ಕೇಳಿದರು. ಅಪ್ಪನ ಕಾಲದಿಂದಲೂ ಕೇಳುತ್ತಾರೆ. ಆಟೋದವನನ್ನು ಇದನ್ನೆಲ್ಲ ಯಾರು ಕೇಳುತ್ತಾರೆ? ಸ್ಪೇನಿನ ಸುದ್ದಿ ಹೇಳಿದೆ. ಅಲ್ಲಿಯೂ ಥೇಟ್ ಇಂಥದೇ ಮಾಡುತ್ತಾರಂತೆ ಸಾಹೇಬ್ ಅಂದೆ. ಅವರು ವರಖಿನ ಮೇಲಿಂದ ಕೈ ಎತ್ತದೆ, ‘ಕರೇಂಗೇ. ಬಾದಾಮ್ ಹೈ, ಶಕ್ಕರ್ ಹೈ, ಬಹೆನ್ ಹೈ. ಔರ್ ಕ್ಯಾ ಹೋನಾ?’ ಅಂದರು. ಮಾಡದೇ ಏನು, ಬಾದಾಮಿ ಇದೆ, ಸಕ್ಕರೆ ಇದೆ, ಅಕ್ಕತಂಗಿಯರಿದ್ದಾರೆ, ಮತ್ತೇನು ಬೇಕು. ಕಟ್ಟಿ ಕೊಟ್ಟ ಮೇಲೆ ಇನ್ನೊಂದು ತುಂಡು ಮೇಲಿಟ್ಟು, ಇದು ಬಿಟಿಯಾಗೆ, ನನ್ನ ಲೆಕ್ಕದಲ್ಲಿ ಅಂದರು. ಪ್ರತಿ ವರ್ಷ ಹೀಗೆ ಒಂದು ತುಂಡು ಮೇಲೆ ಬರುತ್ತದೆ. ಫೋನಿನಲ್ಲಿ ತರಿಸಿದಾಗ ಬರುವುದಿಲ್ಲ.

ಡಬ್ಬಿ ನಾನೇ ಮಾಡಿದೆ. ಬೂದು ರಟ್ಟು, ಗುಲಾಬಿ ಕಾಗದ, ದಾರ. ಮೈದಾ ಅಂಟು ಕುದಿಸಿ ಎಷ್ಟು ಕಾಲವಾಗಿತ್ತೋ, ಗಂಟು ಗಂಟಾಯಿತು. ದಾರಿಯಲ್ಲಿ ಮಳೆ ಬೇರೆ. ಡಬ್ಬಿಯನ್ನು ರೇನ್‌ಕೋಟಿನೊಳಗೆ ಹೊಟ್ಟೆಗೆ ಒತ್ತಿಕೊಂಡು ಸ್ಕೂಟರ್ ಹೊಡೆದೆ. ಸಿಗ್ನಲ್ಲಿನಲ್ಲಿ ಒಬ್ಬ ನನ್ನ ಹೊಟ್ಟೆ ನೋಡಿ ಜಾಗ ಬಿಟ್ಟ.

ಗಿರಿಜಾಳ ಗಂಡ ರೈಲ್ವೆಯಲ್ಲಿದ್ದಾನೆ, ಆ ಹೊತ್ತಿಗೆ ಡ್ಯೂಟಿಗೆ ಹೋಗಿದ್ದ. ಬಾಗಿಲು ತೆಗೆದವಳು ಅವಳೇ.

‘ಯಾರ ಮನಿ ಬೇಕಾಗಿತ್ರಿ?’ ಅಂದಳು.

‘ಗಿರಿಜಾ...’

‘ಅಣ್ಣ ಕಂಪನ್ಯಾಗ ಭಾಳ ಬಿಜಿ ಇರ್ತಾನ್ರಿ. ನೀವ್ಯಾರು?’

ಒಳಗೆ ಬಿಟ್ಟುಕೊಂಡಳು. ಅತ್ತೆ ಹಿತ್ತಿಲಲ್ಲಿ ಸ್ನಾನಕ್ಕೆ ಹೋಗಿದ್ದರು. ಗಿರಿಜಾ ಚಹಾ ತಂದಳು. ಜೊತೆಗೆ ಒಂದು ತಾಟು. ತಾಟಿನಲ್ಲಿ ಫಳಫಳ ಹೊಳೆಯುವ ಲಾಡುಗಳು, ನಮ್ಮ ಪೇಂಟರ್ ಬಣ್ಣ ಹಚ್ಚಿದ್ದು.

‘ತಿನ್ನಣ್ಣಾ. ಹಬ್ಬಕ್ಕ ತವರಿಂದ ಬಂದಾವ.’

ಒಂದರ ಮೇಲೆ ಹಲ್ಲಿನ ಗುರುತಿತ್ತು. ಬಣ್ಣ ಕಿತ್ತು, ಒಳಗಿನ ಬಿಳಿ ಕಾಣುತ್ತಿತ್ತು.

‘ಕಚ್ಚಿದ್ಯಾ?’

‘ಅಡಗಿ ಮನ್ಯಾಗ ನಿಂತು ಮೊದಲು ನಾ ಒಂದ್ ಬಾಯಾಗ ಹಾಕ್ಕೋತೀನಿ ಪ್ರತಿ ವರ್ಷ. ಕಚ್ಚಿದ ಮ್ಯಾಲ ಗೊತ್ತಾತು.’

ಆಮೇಲೆ ಮೆಲ್ಲಗೆ ಹೇಳಿದಳು. ತವರಿನಿಂದ ಬಂದ ಉಂಡಿಯನ್ನು ಅಕ್ಕಪಕ್ಕದ ಮನೆಗಳಿಗೆ ಬೀರುವುದು ಪದ್ಧತಿ. ಅವಳ ಸಾಲಿನ ಹೆಂಗಸರು ಗಿರಿಜಾಳ ಡಬ್ಬಿಗಾಗಿ ಕಾಯುತ್ತಾರೆ. ಈ ವರ್ಷ ಅಣ್ಣ ಥರ್ಮೋಕೋಲು ಕಳಿಸಿದ್ದಾನೆ ಅಂತ ಹೇಳಲಾಗುತ್ತದೆಯೇ? ಕೊಡೆ ಹಿಡಿದು, ಹೂ ತರುತ್ತೇನೆ ಅಂತ ಸುಳ್ಳು ಹೇಳಿ, ಸ್ಟೇಷನ್ನಿನ ಹತ್ತಿರದ ಮಿಠಾಯಿ ಅಂಗಡಿಗೆ ಹೋಗಿದ್ದಾಳೆ. ಸಿಕ್ಕಿದ ಲಾಡು ತಂದು, ನನ್ನ ಕಂಪನಿ ಡಬ್ಬಿಯ ಖಾನೆಗಳಲ್ಲಿ ತುಂಬಿ, ನಮ್ಮಣ್ಣ ಕಳಿಸ್ಯಾನ ಅಂತ ಮನೆ ಮನೆಗೆ ಹಂಚಿದ್ದಾಳೆ. ನಾನು ಫೋನ್ ಮಾಡಿದಾಗ ಆಗಷ್ಟೇ ಬಂದು ಒದ್ದೆ ಸೀರೆ ಬದಲಿಸುತ್ತಿದ್ದಳಂತೆ.

‘ಅತ್ತಿ ಒಂದ್ ತಿಂದು, ಈ ಸಲ ನಿಮ್ಮಣ್ಣನ ಉಂಡಿ ಸಪ್ಪಗ ಅದಾವ ಅಂದ್ರು. ಅಣ್ಣಗ ಟೈಫಾಯಿಡ್ ಆಗೇತಿ, ಬ್ಯಾರೆ ಕಡೆ ತರಸ್ಯಾನ ಅಂದೀನಿ. ಅವರ ಮುಂದ ಬಾಯಿ ಬಿಡಬ್ಯಾಡ.’

‘ಟೈಫಾಯಿಡ್?’

‘ನೆಗಡಿ ಅಂದ್ರ ಬರಬಹುದಿತ್ತಲ್ಲ ಅಂತಿದ್ರು.’

‘ಫೋನಿನ್ಯಾಗ ಯಾಕ ಹೇಳಲಿಲ್ಲ ನನಗ?’

ಅವಳು ತಾಟಿನ ಕಡೆ ನೋಡಿದಳು. ‘ಬೇಕಂತನ ಕಳಿಸೀಯೇನೋ ಅನ್ಕೊಂಡೆ. ಅವ್ವ ಹೋದಳು, ಇನ್ನ ತವರು ಬರೇ ನೋಡೂದಕಷ್ಟ ಅಂತ ಹೇಳಾಕತ್ತಿಯೇನೋ ಅಂತ.’

ನಾನು ಎಷ್ಟೋ ಡಬ್ಬಿ ಮಾಡಿದ್ದೇನೆ. ಇಂಥ ಅರ್ಥ ಅದರೊಳಗೆ ಹಿಡಿಸುತ್ತದೆ ಅಂತ ಗೊತ್ತಿರಲಿಲ್ಲ.

‘ಇಲ್ಲವಾ, ಆ ಯಾದಗಿರಿ...’ ಅಂತ ಶುರು ಮಾಡಿದೆ.

‘ಯಾದಗಿರಿ ನನ್ನ ಅಣ್ಣ ಏನು?’

ಅಷ್ಟರಲ್ಲಿ ಅತ್ತೆ ಬಂದರು, ಗೋಡೆ ಹಿಡಿದುಕೊಂಡು. ಗಿರಿಜಾ ತಾಟನ್ನು ಸೆರಗಿನಡಿ ಎಳೆದುಕೊಂಡಳು.

‘ಮಲ್ಲಪ್ಪಾರ, ಟೈಫಾಯಿಡ್ ಹೆಂಗೈತ್ರಿ ಈಗ?’

ನಾನು ಕೆಮ್ಮಿದೆ.

‘ಟೈಫಾಯಿಡಿಗೆ ಕೆಮ್ಮತಾರೇನ್ರಿ?’ ಅಂದು ಕುರ್ಚಿಯಲ್ಲಿ ಕೂತರು. ಗುಲಾಬಿ ಕಾಗದದ ಡಬ್ಬಿ ನೋಡಿದರು. ಒಂದು ಮೂಲೆ ನೆನೆದು ಮೆತ್ತಗಾಗಿತ್ತು. ತಾವೇ ದಾರ ಬಿಚ್ಚಿ, ನಾನು ಕಟ್ಟಿದ ಒಂದು ಮೂಲೆ ಮೂಲೆಯ ಶೇಂಗಾ ಉಂಡಿ ತೆಗೆದು, ತಿರುಗಿಸಿ ನೋಡಿ, ದವಡೆಗೆ ಹಾಕಿಕೊಂಡರು.

‘ಹಾಂ. ಇದು ಉಂಡಿ.’

ಗಿರಿಜಾ ಉಸಿರು ಬಿಟ್ಟಳು. ಅತ್ತೆ ಸೀರೆಗೆ ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದರು.

‘ಆವತ್ತು ಆಟೋದವನ ಕೈಯಿಂದ ಡಬ್ಬಿ ಇಸ್ಕೊಂಡಾಕಿ ನಾನರಿ. ಎತ್ತಿದೆ. ಹೂವಿನಂಗ ಹಗುರ. ಉಂಡಿ ಎಲ್ಲ್ಯಾದರೂ ಹಂಗ ಇರ್ತಾವೇನು?’

ಗಿರಿಜಾ ಅತ್ತೆಯ ಮುಖವನ್ನೇ ನೋಡುತ್ತಿದ್ದಳು.

‘ಇಕಿ ಕೊಡಿ ತಗೊಂಡು ಹೂ ತರಾಕ ಹೋದ್ಲು. ಹೂ ಇಲ್ಲದ ಬಂದ್ಲು. ಇಕಿ ಹೇಳಲಿಲ್ಲ, ನಾ ಕೇಳಲಿಲ್ಲ. ತವರಿನ ಮಾನ ಇಕಿದು, ಕಾಯಲಿ ಅಂತ ಬಿಟ್ಟೆ.’ ಮೊಣಕಾಲು ನೀವಿಕೊಂಡರು. ‘ಅಲ್ರೀ ಮಲ್ಲಪ್ಪಾರ, ಡಬ್ಬಿ ಮಾಡೂದ ನಿಮ್ಮ ಕಸುಬು. ಕಳಿಸೂ ಮುಂದ ನೀವು ಒಂದ್ ಸಲ ಎತ್ತಿ ನೋಡಲಿಲ್ಲೇನು?’

ಇಲ್ಲ. ಎತ್ತಲಿಲ್ಲ. ಎತ್ತಿದ್ದರೆ ನನ್ನ ಕೈಗೆ ಗೊತ್ತಾಗುತ್ತಿತ್ತು.

ದಾರಿಯುದ್ದಕ್ಕೂ ಹೇಗೆ ಹೇಳಬೇಕು ಅಂತ ಯೋಚಿಸಿದ್ದೆ. ಕಂಪನಿಯ ಮೇಡಂ ಫೋನು ಲೇಟಾದರೆ ಸಾರಿ, ಬೇಗ ಮಾಡಿದರೂ ಸಾರಿ ಅನ್ನುತ್ತಾರೆ. ಅವರ ಬಾಯಲ್ಲಿ ಅದು ಎಷ್ಟು ಸಲೀಸು. ನಮ್ಮ ಮನೆಯಲ್ಲಿ ಅಣ್ಣ ತಂಗಿಗೆ ಆ ಮಾತು ಹೇಳಿದ್ದು ನಾನು ಕೇಳಿಲ್ಲ. ಅಪ್ಪ ತಪ್ಪು ಮಾಡಿದರೆ ಜಿಲೇಬಿ ತರುತ್ತಿದ್ದ, ಅವ್ವ ತಿನ್ನುತ್ತಿದ್ದಳು, ಮುಗಿಯಿತು. ನಾನೂ ಡಬ್ಬಿ ತಂದಿದ್ದೆ. ಇಷ್ಟು ಸಾಕಲ್ಲವೇ? ಅಂಗೈ ಬೇರೆ ಸುಟ್ಟಿದೆ, ತೋರಿಸಿದರೆ ಕರಗುತ್ತಾಳೆ ಅಂತಲೂ ಲೆಕ್ಕ ಹಾಕಿದ್ದೆ.

ಗಿರಿಜಾ ಸೆರಗಿನಡಿಯ ತಾಟು ಹೊರಗೆ ತೆಗೆದು, ಹಲ್ಲಿನ ಗುರುತಿದ್ದ ಲಾಡು ಮಾತ್ರ ಎತ್ತಿ, ಟೀವಿಯ ಪಕ್ಕ ಶೋಪೀಸಿನ ಹಾಗೆ ಇಟ್ಟಳು. ಇಟ್ಟು, ಹೊಸ ಡಬ್ಬಿಯಿಂದ ಒಂದು ಉಂಡಿ ತೆಗೆದುಕೊಂಡಳು. ತಿನ್ನಲಿಲ್ಲ. ಕೈಯಲ್ಲಿ ಹಿಡಿದುಕೊಂಡು ಕಾಯುತ್ತಾ ನಿಂತಳು.

ಚಹಾ ಆರಿತ್ತು. ಅತ್ತೆ ಕೂಡ ನನ್ನನ್ನೇ ನೋಡುತ್ತಿದ್ದರು.

‘ಗಿರಿಜಾ, ನಾ ಬರಬೇಕಾಗಿತ್ತು, ಬರಲಿಲ್ಲ,’ ಅಂದೆ. ‘ತಪ್ಪಾತವಾ.’